ಅಕ್ಷರಜ್ಞಾನ ಮತ್ತು ನಕಾಶೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಹೊಲಗಳ ಓದು

ಓದುಬರಹ ಬಲ್ಲವರೆಲ್ಲರೂ ನಕಾಶೆಯನ್ನು ಓದಬಲ್ಲರು ಎಂದು ಹೇಳಲಾಗದು. ಹಾಗೆಯೇ ಓದುಬರಹ ಬಾರದವರೆಲ್ಲರೂ ನಕಾಶೆಯನ್ನು ಅರಿಯದವರೂ ಅಲ್ಲ. ಅಕ್ಷರ ಒಂದು ವಿದ್ಯೆ, ನೆಲದ ಗೆರೆಗಳನ್ನು ಅರಿಯುವುದು ಇನ್ನೊಂದು ವಿದ್ಯೆ. ಈ ಎರಡರ ನಡುವಿನ ಅಂತರವು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿ ಭಾಗದಲ್ಲಿ ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಹೊಲದ ಬದು ಎಲ್ಲಿ ನಿಲ್ಲಬೇಕು, ಮಗಳ ಪಾಲು ಯಾವುದು, ಜಲಾಶಯದ ನೀರು ಯಾರ ಮನೆಯವರೆಗೆ ಬರುತ್ತದೆ ಎಂಬ ಪ್ರಶ್ನೆಗಳೆಲ್ಲವೂ ಒಂದು ಹಾಳೆಯ ಮೇಲಿನ ಅಕ್ಷರ ಮತ್ತು ಗೆರೆಗಳಲ್ಲಿ ಅಡಗಿವೆ. ಆ ಹಾಳೆಯ ಪರಿಚಯ ಇಲ್ಲಿದೆ.

ನಾಲ್ಕು ತಾಲ್ಲೂಕುಗಳು

ಉತ್ತರದಲ್ಲಿ ಭೀಮಾ, ದಕ್ಷಿಣದಲ್ಲಿ ಕೃಷ್ಣಾ, ನಡುವೆ ಡೋಣಿ. ಈ ಮೂರು ಹೊಳೆಗಳ ನಡುವಿನ ಎರೆ ಮತ್ತು ಮಡ್ಡಿ ಭೂಮಿಯೇ ವಿಜಯಪುರ ಜಿಲ್ಲೆ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ನಂತರ ಬಿಜಾಪುರದೊಂದಿಗೆ ಉಳಿದವು ಈ ನಾಲ್ಕು ತಾಲ್ಲೂಕುಗಳು. 2014ರ ನವೆಂಬರ್ 1ರಂದು ಜಿಲ್ಲೆಯ ಹೆಸರು ವಿಜಯಪುರ ಎಂದಾಯಿತು. ಅನಂತರದ ವರ್ಷಗಳಲ್ಲಿ ಚಡಚಣ, ದೇವರಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರ, ಆಲಮೇಲ ಮುಂತಾದ ಹೊಸ ತಾಲ್ಲೂಕುಗಳು ರಚನೆಯಾದವು. ಊರು ಹೊಸ ತಾಲ್ಲೂಕಿಗೆ ಸೇರಿದರೂ ಹೊಲದ ಹಳೆಯ ಅಳತೆಯ ಮೂಲ ಮಾತ್ರ ಹಿಂದಿನ ಸರ್ವೆಯಲ್ಲಿಯೇ ಇರುತ್ತದೆ.

2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ 67.15. ಪುರುಷರಲ್ಲಿ ಶೇ 77.21, ಮಹಿಳೆಯರಲ್ಲಿ ಶೇ 56.72. ಆಗ ರಾಜ್ಯದ ಸರಾಸರಿ ಶೇ 75.36 ಇತ್ತು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯದ ಕಾರಣ ಇಂದಿಗೂ ಹೋಲಿಕೆಗೆ ಈ ಅಂಕಿಗಳೇ ಆಧಾರವಾಗಿವೆ.

ಜನಗಣತಿಯ ವ್ಯಾಖ್ಯೆಯಂತೆ ಏಳು ವರ್ಷ ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನ, ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥಸಹಿತವಾಗಿ ಓದಲು ಮತ್ತು ಬರೆಯಲು ಬಲ್ಲ ವ್ಯಕ್ತಿಯೇ ಸಾಕ್ಷರ. ಓದಲು ಮಾತ್ರ ಬಂದು ಬರೆಯಲು ಬಾರದವರು ಸಾಕ್ಷರರೆನಿಸುವುದಿಲ್ಲ. ನಕಾಶೆ, ಅಳತೆ, ಕೋಷ್ಟಕಗಳನ್ನು ಓದುವ ಸಾಮರ್ಥ್ಯದ ಬಗ್ಗೆ ಜನಗಣತಿ ಏನನ್ನೂ ಕೇಳುವುದಿಲ್ಲ. ಆದ್ದರಿಂದ ಶೇ 67ರಲ್ಲಿ ಎಷ್ಟು ಮಂದಿ ತಮ್ಮ ಹೊಲದ ನಕ್ಷೆಯನ್ನು ಓದಬಲ್ಲರು, ಉಳಿದ ಶೇ 33ರಲ್ಲಿ ಎಷ್ಟು ಮಂದಿ ಅಕ್ಷರವಿಲ್ಲದೆಯೂ ಅದನ್ನು ಗುರುತಿಸಬಲ್ಲರು ಎಂಬುದು ಈ ಅಂಕಿಗಳಿಂದ ತಿಳಿಯದು.

ಆಟದಲ್ಲಿಯೂ ಇದೇ ಪ್ರಶ್ನೆ

ಈ ಎರಡು ವಿದ್ಯೆಗಳನ್ನು ಬೇರ್ಪಡಿಸಿ ನೋಡುವ ಅಭ್ಯಾಸವು ಅನಿರೀಕ್ಷಿತವಾದ ಒಂದು ಕಡೆ, ಅಂದರೆ ಮೇಜಿನ ಸುತ್ತ ಕುಳಿತು ಆಡುವ ಕಲ್ಪನಾಲೋಕದ ಪಾತ್ರಾಭಿನಯ ಆಟಗಳಲ್ಲಿ ಕಂಡುಬರುತ್ತದೆ. ಇಂತಹ ಆಟಗಳಲ್ಲಿ ಪ್ರಸಿದ್ಧವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನು ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದರು. ಆಟಗಾರರು ಯೋಧ, ಮಾಂತ್ರಿಕ, ಕಳ್ಳ ಮುಂತಾದ ಪಾತ್ರಗಳನ್ನು ವಹಿಸುತ್ತಾರೆ. ಒಬ್ಬ ನಿರೂಪಕ ದಾರಿ, ಕೋಣೆ, ಬಾಗಿಲುಗಳನ್ನು ಬಾಯಿಮಾತಿನಲ್ಲಿ ವರ್ಣಿಸುತ್ತಾನೆ. ಆಟಗಾರರಲ್ಲಿ ಒಬ್ಬರು ಅದನ್ನು ಕೇಳುತ್ತ ಚೌಕುಳಿ ಹಾಳೆಯ ಮೇಲೆ ನಕಾಶೆ ಬರೆಯುವುದು ಹಳೆಯ ಆಟಗಳ ರೂಢಿಯಾಗಿತ್ತು.

ಅಲ್ಲಿ ಏಳುವ ಪ್ರಶ್ನೆ ಇದು: ಆಡುವವನು ಅಕ್ಷರಸ್ಥನಾದರೂ ಅವನು ವಹಿಸಿದ ಪಾತ್ರಕ್ಕೆ ಅಕ್ಷರ ಬರುತ್ತದೆಯೇ? ಈ ಆಟದ 1981ರ ಆರಂಭಿಕ ಆವೃತ್ತಿಯಲ್ಲಿ ಪಾತ್ರದ ಬುದ್ಧಿಮತ್ತೆಯ ಅಂಕ ತೀರ ಕಡಿಮೆಯಿದ್ದರೆ ಅದಕ್ಕೆ ಓದುಬರಹ ಬಾರದು. 1989ರ ಎರಡನೆಯ ಆವೃತ್ತಿಯು ಓದುಬರಹವನ್ನು ಒಂದು ಕೌಶಲವಾಗಿಯೂ ದಿಕ್ಕಿನ ಅರಿವನ್ನು ಇನ್ನೊಂದು ಕೌಶಲವಾಗಿಯೂ ಬೇರೆ ಬೇರೆ ಪಟ್ಟಿ ಮಾಡಿತು. 2000ದ ಮೂರನೆಯ ಆವೃತ್ತಿಯಲ್ಲಿ ‘ಬಾರ್ಬೇರಿಯನ್’ ಎಂಬ ಕಾಡುಯೋಧನಿಗೆ ಹುಟ್ಟಿನಿಂದ ಅಕ್ಷರವಿಲ್ಲ. ಕೌಶಲದ ಅಂಕಗಳನ್ನು ವ್ಯಯಿಸಿ ಅವನು ಅದನ್ನು ಗಳಿಸಬೇಕು. 2014ರ ಐದನೆಯ ಆವೃತ್ತಿಯಲ್ಲಿ ಈ ನಿರ್ಬಂಧವಿಲ್ಲ. ಆದರೆ ನಕಾಶೆ ರಚಿಸುವ ಉಪಕರಣಗಳ ಬಳಕೆ ಅಲ್ಲಿಯೂ ಪ್ರತ್ಯೇಕ ಕೌಶಲವಾಗಿಯೇ ಉಳಿದಿದೆ.

ಅಕ್ಷರ ಬಾರದ ಯೋಧನ ಕೈಗೆ ಹಳೆಯ ನಕಾಶೆ ಸಿಕ್ಕರೆ ಅದರ ಮೇಲಿನ ಹೆಸರುಗಳು ಅವನಿಗೆ ತಿಳಿಯವು. ಆದರೆ ಹೊಳೆಯ ತಿರುವು, ಬೆಟ್ಟದ ಸಾಲು, ಬಾವಿಯ ಗುರುತು ತಿಳಿಯಬಹುದು. ಊರಿನ ಹೊಲಗಳ ಮಟ್ಟಿಗೆ ಇದು ಆಟದ ನಿಯಮವಲ್ಲ, ನಿತ್ಯದ ಸಂಗತಿ.

ಕಲ್ಲಿನ ಮೇಲಿನ ಓದು

ಅಕ್ಷರ ಮತ್ತು ಭೂಮಿಯ ನಂಟು ಈ ಸೀಮೆಯಲ್ಲಿ ಬಹು ಹಳೆಯದು. ಇಂಡಿ ತಾಲ್ಲೂಕಿನ ಸಾಲೋಟಗಿಯ ಕ್ರಿ.ಶ. 945ರ ಶಾಸನವು ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆ, ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು ಮತ್ತು ಅದರ ನಿರ್ವಹಣೆಗೆ ನಿವರ್ತನಗಳ ಲೆಕ್ಕದಲ್ಲಿ ಬಿಟ್ಟ ಭೂಮಿಯ ವಿವರ ಅದರಲ್ಲಿದೆ. ವಿದ್ಯೆಗೆ ಆಧಾರವಾದದ್ದು ಭೂಮಿ. ಆ ಭೂಮಿಗೆ ದಾಖಲೆಯಾದದ್ದು ಅಕ್ಷರ.

ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಹೇಳಿ, ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹಳ್ಳ, ಕೆರೆ, ಮರ, ಕಲ್ಲುಗಳ ಮೂಲಕ ಗುರುತಿಸುವ ಪದ್ಧತಿಯಿತ್ತು. ಇದನ್ನು ಮಾತಿನಲ್ಲಿ ಬರೆದ ನಕಾಶೆ ಎನ್ನಬಹುದು. ಅದೇ ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಆಕಳು ಕೆತ್ತಲ್ಪಟ್ಟಿರುತ್ತವೆ. ಕೆಳಗಿನ ಅಕ್ಷರ ಓದಬಲ್ಲವರಿಗೆ. ಮೇಲಿನ ಚಿತ್ರ ಎಲ್ಲರಿಗೆ. ಸೂರ್ಯಚಂದ್ರರಿರುವವರೆಗೆ ಈ ದಾನ ನಡೆಯಬೇಕೆಂಬ ಮಾತು ಅಕ್ಷರ ಬಾರದವನಿಗೂ ಮುಟ್ಟುತ್ತಿತ್ತು. ಶೈವ ದತ್ತಿಯ ಹೊಲಗಳ ಎಲ್ಲೆಯಲ್ಲಿ ನಿಲ್ಲಿಸಿದ ಲಿಂಗಮುದ್ರೆಯ ಕಲ್ಲುಗಳೂ, ವೈಷ್ಣವ ದತ್ತಿಯ ವಾಮನಮುದ್ರೆಯ ಕಲ್ಲುಗಳೂ ಇದೇ ಕೆಲಸ ಮಾಡಿದವು.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನ ಓದದೆಯೇ ಕಾವ್ಯದ ಮರ್ಮ ಬಲ್ಲವರೆಂದು ಹೊಗಳಿದೆ. ಹನ್ನೆರಡನೆಯ ಶತಮಾನದಲ್ಲಿ ಬಾಗೇವಾಡಿಯ ಬಸವಣ್ಣನವರ ಸುತ್ತ ನೆರೆದ ಶರಣರಲ್ಲಿ ನಾನಾ ಕಾಯಕಗಳವರಿದ್ದರು. ಅವರ ವಚನಗಳನ್ನು ತಾಳೆಗರಿಗಳಿಂದ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೂಲಕ ಅಚ್ಚಿಗೆ ತಂದ ಫ.ಗು. ಹಳಕಟ್ಟಿಯವರ ಕಾರ್ಯಕ್ಷೇತ್ರವೂ ಬಿಜಾಪುರವೇ ಆಗಿತ್ತು.

ಸರಪಳಿ, ಆಣೆ, ಗುಂಟೆ

ಇಂದಿನ ಹೊಲದ ನಕಾಶೆಯ ಮೂಲ ಬ್ರಿಟಿಷರ ಮುಂಬಯಿ ಪ್ರಾಂತದ ಸರ್ವೆ. 1820ರ ದಶಕದಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ದಖ್ಖನಿನಲ್ಲಿ ನಡೆಸಿದ ಮೊದಲ ಸರ್ವೆ ವಿಫಲವಾಯಿತು. 1835ರಿಂದ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬವರು ಪುಣೆ ಜಿಲ್ಲೆಯ ಇಂದಾಪುರದಲ್ಲಿ ಹೊಸ ಪದ್ಧತಿಯನ್ನು ಆರಂಭಿಸಿದರು. 1847ರ ಜಂಟಿ ವರದಿಯಿಂದ ಅದಕ್ಕೆ ಖಚಿತ ರೂಪ ದೊರೆಯಿತು. ಮುಂದೆ ಮುಂಬಯಿ ಕರ್ನಾಟಕವೆಲ್ಲ ಇದೇ ಪದ್ಧತಿಗೆ ಒಳಪಟ್ಟಿತು. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು, ಮೂಲೆಗೊಂದು ಬಾಂದು ಕಲ್ಲು, ಆಕಾರ ಎಂಬ ಕಂದಾಯ ನಿಗದಿಯಾದವು.

ಅಳತೆಯ ಉಪಕರಣ 33 ಅಡಿ ಉದ್ದದ ಸರಪಳಿ, ಅಂದರೆ ಚೈನು. ಅದರ 16ರ ಒಂದು ಭಾಗವೇ ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲದ ನೆಲ 1,089 ಚದರಡಿ. ಅದೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. 20 ಚೈನು ಉದ್ದ, 12 ಚೈನು ಅಗಲದ ಹೊಲವಿದ್ದರೆ ಗುಣಿಸಿದಾಗ 240 ಗುಂಟೆ, ಅಂದರೆ 6 ಎಕರೆ. ರೂಪಾಯಿಗೆ 16 ಆಣೆ ಎಂಬ ಸಂತೆಯ ಲೆಕ್ಕ ಬಲ್ಲವನಿಗೆ ಈ ಲೆಕ್ಕ ಅಪರಿಚಿತವಾಗಿರಲಿಲ್ಲ. ಅಕ್ಷರ ಬಾರದ ರೈತನೂ ಸರಪಳಿಯ ಎಣಿಕೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬಲ್ಲವನಾಗಿದ್ದನು.

ಆದರೆ ಆ ಎಣಿಕೆಯನ್ನು ಬರೆದಿಟ್ಟವರು ಬೇರೆ. ಊರಿನ ದಫ್ತರ ವಂಶಪಾರಂಪರ್ಯವಾಗಿ ಕುಲಕರ್ಣಿಗಳ ಕೈಯಲ್ಲಿತ್ತು. ಹಳೆಯ ದಾಖಲೆಗಳಲ್ಲಿ ಹಲವು ಮೋಡಿ ಲಿಪಿಯಲ್ಲಿದ್ದವು. ಕನ್ನಡ ಓದಬಲ್ಲವನಿಗೂ ಮೋಡಿ ಬಾರದಿದ್ದರೆ ತನ್ನ ಹೊಲದ ಕಾಗದದ ಮಟ್ಟಿಗೆ ಅವನು ನಿರಕ್ಷರಿಯೇ. 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ ವಂಶಪಾರಂಪರ್ಯದ ಹುದ್ದೆ ಕೊನೆಗೊಂಡು ಸರಕಾರದಿಂದ ನೇಮಕಗೊಂಡ ಗ್ರಾಮ ಲೆಕ್ಕಿಗರು ಬಂದರು.

ಒಂದು ಹೊಲಕ್ಕೆ ಹಲವು ಹಾಳೆಗಳು

ನಗರಗಳಿಗೆ ದುಡಿಯಲು ಹೋದ ಮಕ್ಕಳು ಊರಿನ ಹೊಲದ ಕಾಗದ ನೋಡುವಾಗ ಗೊಂದಲಕ್ಕೆ ಒಳಗಾಗುವುದು ಇಲ್ಲಿಯೇ. ಪ್ರತಿ ಹಾಳೆಯ ಉದ್ದೇಶ ಬೇರೆ.

ಗ್ರಾಮ ನಕಾಶೆ: ಇಡೀ ಊರಿನ ಸರ್ವೆ ನಂಬರುಗಳು, ಹಳ್ಳ, ಬಂಡಿದಾರಿ, ಗಾವಠಾಣಗಳನ್ನು ತೋರಿಸುತ್ತದೆ. ಸಾಮಾನ್ಯವಾಗಿ ಇದರ ಪ್ರಮಾಣ 1:7920, ಅಂದರೆ ಹಾಳೆಯ ಒಂದು ಅಂಗುಲಕ್ಕೆ ನೆಲದ 660 ಅಡಿ. ಅರ್ಧ ಮಿಲಿಮೀಟರು ದಪ್ಪದ ಗೆರೆಯೇ ನೆಲದ ಮೇಲೆ ಸುಮಾರು 13 ಅಡಿಯಾಗುತ್ತದೆ. ಆದ್ದರಿಂದ ಹೊಲ ಯಾವ ದಿಕ್ಕಿಗಿದೆ, ದಾರಿ ಎಲ್ಲಿದೆ ಎಂಬುದನ್ನು ಇದರಿಂದ ತಿಳಿಯಬಹುದೇ ಹೊರತು ಮೂರು ಅಡಿ ಬದುವಿನ ತಕರಾರನ್ನು ಬಗೆಹರಿಸಲಾಗದು.

ಟಿಪ್ಪಣ: ಇದು ಒಂದೇ ಸರ್ವೆ ನಂಬರಿನ ಅಳತೆಯ ಚಿತ್ರ. ಹೊಲದ ಉದ್ದಕ್ಕೆ ಒಂದು ನೇರ ಗೆರೆ ಹಿಡಿದು, ಅದರಿಂದ ಬದುವಿನ ತಿರುವುಗಳಿಗೆ ಎಷ್ಟು ಚೈನು, ಎಷ್ಟು ಆಣೆ ಎಂಬುದನ್ನು ಬರೆಯಲಾಗಿರುತ್ತದೆ. ಚಿತ್ರವು ಪ್ರಮಾಣಬದ್ಧವಲ್ಲ, ಕಣ್ಣಿಗೆ ಚೌಕವಾಗಿ ಕಂಡದ್ದು ನೆಲದಲ್ಲಿ ಓರೆಯಾಗಿರಬಹುದು. ಇಲ್ಲಿ ಪ್ರಮಾಣವೆಂದರೆ ಗೆರೆಯಲ್ಲ, ಗೆರೆಯ ಪಕ್ಕದ ಅಂಕಿ. ಹದ್ದುಬಸ್ತು ಮಾಡುವಾಗ ಭೂಮಾಪಕರು ನೆಚ್ಚುವುದು ಇದನ್ನೇ. ಮೇಲೆ ಹೇಳಿದ ಆಟದಲ್ಲಿ ನಿರೂಪಕ ಹೇಳಿದ ಅಳತೆಯನ್ನು ಕೇಳಿ ಹಾಳೆಯ ಮೇಲೆ ಬರೆಯುವಂತೆ, ಸರಪಳಿ ಹಿಡಿದವರು ಕೂಗಿದ ಎಣಿಕೆಯೇ ಇಲ್ಲಿಯೂ ಬರಹವಾಗಿದೆ.

ಆಕಾರಬಂದ್: ಸರ್ವೆ ನಂಬರು, ವಿಸ್ತೀರ್ಣ, ಖರಾಬು, ಆಕಾರಗಳ ಕೋಷ್ಟಕ. ಇದರಲ್ಲಿ ಚಿತ್ರವಿಲ್ಲ.

ಪಹಣಿ: ಈ ಭಾಗದಲ್ಲಿ ಜನ ಉತಾರ ಎನ್ನುವುದು ಇದಕ್ಕೇ. 9ನೆಯ ಕಾಲಮಿನಲ್ಲಿ ಮಾಲೀಕರ ಹೆಸರು, 10ರಲ್ಲಿ ಹಕ್ಕು ಬಂದ ಬಗೆ, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, 12ರಲ್ಲಿ ಸಾಗುವಳಿ ಮತ್ತು ಬೆಳೆ ಇರುತ್ತವೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೆಯ ಕಲಮಿನಂತೆ ಈ ನಮೂದು ತಪ್ಪೆಂದು ಸಿದ್ಧವಾಗುವವರೆಗೆ ಸರಿಯೆಂದೇ ಭಾವಿಸಲಾಗುತ್ತದೆ. ಆದ್ದರಿಂದ ತಪ್ಪು ನಮೂದನ್ನು ಓದಿ ಅರಿಯದವನ ಮೇಲೆಯೇ ಅದನ್ನು ಸುಳ್ಳೆಂದು ತೋರಿಸುವ ಭಾರವೂ ಬೀಳುತ್ತದೆ.

ಚಕ್ಕುಬಂದಿ: ಖರೀದಿ ಪತ್ರದಲ್ಲಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣಕ್ಕೆ ಯಾರ ಹೊಲವಿದೆ ಎಂಬ ವಿವರಣೆ. ಇದು ಶಾಸನಕಾಲದ ಮಾತಿನ ನಕಾಶೆಯ ಮುಂದುವರಿಕೆ. ಓದಿ ಹೇಳಿದರೆ ಸಾಕು, ಅಕ್ಷರ ಬಾರದವರೂ ತಪ್ಪನ್ನು ಕೂಡಲೇ ಹಿಡಿಯಬಲ್ಲರು. ‘ಮೂಡಲಿಗೆ ಹಳ್ಳ’ ಎಂದಿರಬೇಕಾದಲ್ಲಿ ‘ಪಡುವಲಿಗೆ ಹಳ್ಳ’ ಎಂದರೆ ಆ ಹೊಲದಲ್ಲಿ ಕಳೆ ತೆಗೆದವರಿಗೆ ಬೇರೆ ಸಾಕ್ಷಿ ಬೇಕಿಲ್ಲ.

ಹೆಬ್ಬೆಟ್ಟಿನ ಹಿಂದಿನ ಹಕ್ಕು

ಅಕ್ಷರ ಮತ್ತು ನಕಾಶೆಯ ಅಂತರದ ಹೆಚ್ಚಿನ ಭಾರ ಹೊತ್ತವರು ಮಹಿಳೆಯರು. 1994ರ ಜುಲೈ 30ರಿಂದ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕರ್ನಾಟಕ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಪಾಲು ನೀಡಿತು. 2005ರಲ್ಲಿ ಕೇಂದ್ರವೂ ಕಾಯ್ದೆಗೆ ತಿದ್ದುಪಡಿ ತಂದಿತು. ಮಗಳ ಈ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು.

ಕಾನೂನು ನೀಡಿದ ಪಾಲು ಹಕ್ಕುಬಿಡುಗಡೆ ಪತ್ರದ ಒಂದು ಹೆಬ್ಬೆಟ್ಟಿನಿಂದ ಕೈತಪ್ಪಿ ಹೋಗಬಹುದು. ವಾರಸಾ ಅಥವಾ ವಾಟ್ನಿ ಮಾಡಿಸುವಾಗ ಯಾವ ಸರ್ವೆ ನಂಬರಿನ ಯಾವ ಹಿಸ್ಸೆ ಯಾರಿಗೆ ಎಂಬುದು ಕಾಗದದಲ್ಲಿ ಅಂಕಿಯಾಗಿ ಇರುತ್ತದೆ. ತವರಿನ ಎರೆ ಹೊಲ, ಮಡ್ಡಿ ಹೊಲ, ಬಾವಿ ಹೊಲಗಳನ್ನು ಹೆಸರಿನಿಂದ ಬಲ್ಲ ಹೆಣ್ಣುಮಗಳಿಗೆ ಅವುಗಳ ನಂಬರು ತಿಳಿದಿರುವುದು ಅಪರೂಪ. ಎರಡೂ ಹೊಲ ನಾಲ್ಕು ಎಕರೆಯೇ ಆದರೂ ನೀರಿರುವುದು ಒಂದಕ್ಕೆ ಮಾತ್ರ ಎಂದಾದರೆ, ವಿಸ್ತೀರ್ಣದಲ್ಲಿ ಸಮವಾದ ಪಾಲು ಬೆಲೆಯಲ್ಲಿ ಸಮವಾಗದು.

ಈ ಜಿಲ್ಲೆಯಲ್ಲಿ ಅಕ್ಷರ ಕಲಿಸುವ ಪ್ರಯತ್ನಗಳು ಕಡಿಮೆಯಾಗಿರಲಿಲ್ಲ. 1989ರಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ರಾಜ್ಯದಲ್ಲಿ ಮೊದಲು ಆರಂಭವಾದ ಮೂರು ಜಿಲ್ಲೆಗಳಲ್ಲಿ ಬೀದರ, ಮೈಸೂರಿನೊಂದಿಗೆ ಬಿಜಾಪುರವೂ ಇತ್ತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾದ ನಂತರ, 1990ರ ದಶಕದ ಆರಂಭದಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನವೂ ಇಲ್ಲಿ ನಡೆಯಿತು. ಸಹಿ ಮಾಡಲು ಕಲಿತವರ ಸಂಖ್ಯೆ ಹೆಚ್ಚಿತು. ಆದರೆ ಸಹಿ ಮಾಡುವುದು ಬೇರೆ, ಸಹಿ ಬೀಳುವ ಕಾಗದವನ್ನು ಅರಿಯುವುದು ಬೇರೆ.

ಕಾಣದ ಗೆರೆಯ ಲೆಕ್ಕ

ಅಕ್ಷರದಿಂದಲೂ ಅನುಭವದಿಂದಲೂ ಸುಲಭವಾಗಿ ಓದಲಾಗದ ಒಂದು ಗೆರೆ ಈ ಸೀಮೆಯಲ್ಲಿದೆ. ಅದು ಆಲಮಟ್ಟಿ ಜಲಾಶಯದ ನೀರಿನ ಮಟ್ಟದ ಗೆರೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ ಈ ಅಣೆಕಟ್ಟು ಆಗ ಬಸವನಬಾಗೇವಾಡಿ ತಾಲ್ಲೂಕಿನಲ್ಲಿತ್ತು, ಈಗ ನಿಡಗುಂದಿ ತಾಲ್ಲೂಕಿನಲ್ಲಿದೆ. ನೀರು ನಿಲ್ಲಿಸುವ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರು. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು 2010ರ ತೀರ್ಪಿನಲ್ಲಿ 524.256 ಮೀಟರಿಗೆ ಏರಿಸಲು ಅನುಮತಿ ನೀಡಿತು.

ಕಾಗದದ ಮೇಲಿನ ವ್ಯತ್ಯಾಸ ಕೇವಲ 4.656 ಮೀಟರು, ಸುಮಾರು ಹದಿನೈದು ಅಡಿ. ಆದರೆ ಹೊಳೆದಂಡೆಯ ಎರೆಭೂಮಿ ಹಲವೆಡೆ ಸಮತಟ್ಟಾಗಿದೆ. 200 ಮೀಟರು ದೂರಕ್ಕೆ 1 ಮೀಟರು ಇಳಿಜಾರಿರುವ ನೆಲದಲ್ಲಿ ನೀರು 4.656 ಮೀಟರು ಏರಿದರೆ ದಂಡೆಯು ಸುಮಾರು 930 ಮೀಟರು ಒಳಕ್ಕೆ ಸರಿಯುತ್ತದೆ. ಹೊಳೆಯಿಂದ ಬಹುದೂರವಿದೆ ಎಂದು ತಿಳಿದ ಹೊಲವೂ ಗೆರೆಯೊಳಗೆ ಬೀಳುವುದು ಹೀಗೆ. ಎತ್ತರದ ಗೆರೆ ಹೊಲದ ಬದುವಿನಂತೆ ಕಣ್ಣಿಗೆ ಕಾಣುವುದಿಲ್ಲ. ಸಮಪಾತಳಿ ಯಂತ್ರದಿಂದ ಅಳೆದು ಕಲ್ಲು ನೆಟ್ಟಾಗ ಮಾತ್ರ ಅದು ಊರವರ ಪಾಲಿಗೆ ಗೆರೆಯಾಗುತ್ತದೆ.

ಭೂಸ್ವಾಧೀನದ ಅಧಿಸೂಚನೆಯಲ್ಲಿ ಈ ಗೆರೆಯು ಮತ್ತೆ ಸರ್ವೆ ನಂಬರುಗಳ ಪಟ್ಟಿಯಾಗಿ ಬದಲಾಗುತ್ತದೆ. 1894ರ ಹಳೆಯ ಕಾಯ್ದೆಯಡಿ 4(1) ಅಧಿಸೂಚನೆಗೆ ಆಕ್ಷೇಪ ಸಲ್ಲಿಸಲು 30 ದಿನಗಳ ಅವಕಾಶವಿತ್ತು. 2014ರ ಜನವರಿ 1ರಿಂದ ಜಾರಿಗೆ ಬಂದ 2013ರ ಕಾಯ್ದೆಯಲ್ಲಿ ಅದು 60 ದಿನಗಳು. ಪ್ರಾಥಮಿಕ ಅಧಿಸೂಚನೆಯನ್ನು ಸ್ಥಳೀಯ ಭಾಷೆಯಲ್ಲಿಯೂ ಪ್ರಕಟಿಸಬೇಕೆಂಬ ನಿಯಮ ಇದರಲ್ಲಿದೆ. ದಿನಗಳು ಎಣಿಕೆಗೆ ಬೀಳುವುದು ಪ್ರಕಟಣೆಯಿಂದಲೇ ಹೊರತು ಅದು ರೈತನಿಗೆ ಅರ್ಥವಾದ ದಿನದಿಂದಲ್ಲ. ಮನೆ, ಬಾವಿ, ಗಿಡಗಳು ಪಟ್ಟಿಯಲ್ಲಿ ಸೇರಿವೆಯೇ ಎಂಬುದನ್ನು ಆ ಅವಧಿಯೊಳಗೆ ಪರಿಶೀಲಿಸದಿದ್ದರೆ ಮುಂದೆ ಪರಿಹಾರಕ್ಕಾಗಿ ಕಚೇರಿಗಳಿಗೆ ಅಲೆಯಬೇಕಾಗುತ್ತದೆ.

ಪರದೆಯ ಮೇಲಿನ ಹೊಲ

‘ಭೂಮಿ’ ಯೋಜನೆಯಡಿ 2000ದ ದಶಕದ ಆರಂಭದಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. ಕೈಬರಹದ ಉತಾರದ ಕಾಲ ಮುಗಿಯಿತು. ಅಕ್ಷರ ಅಚ್ಚುಕಟ್ಟಾಯಿತು, ಕೈಬರಹದ ಜತೆ ಬಂದಿದ್ದ ತಪ್ಪುಗಳೂ ಅಚ್ಚುಕಟ್ಟಾಗಿ ಉಳಿದುಕೊಂಡವು. ಸರ್ವೆ ನಂಬರಿನ ಒಂದು ಭಾಗವನ್ನು ಮಾರುವ ಮೊದಲು ಭೂಮಾಪಕರಿಂದ 11ಇ ನಕ್ಷೆ ಮಾಡಿಸಬೇಕೆಂಬ ನಿಯಮ ಬಂದ ಮೇಲೆ ಮಾತು ಮತ್ತು ಗೆರೆ ಒಂದೇ ಕಾಗದದಲ್ಲಿ ಸೇರಿದವು.

2018ರಲ್ಲಿ ಬಂದ ‘ದಿಶಾಂಕ್’ ಎಂಬ ಮೊಬೈಲ್ ಆ್ಯಪ್, ನಿಂತ ಜಾಗದ ಸರ್ವೆ ನಂಬರನ್ನು ಪರದೆಯ ಮೇಲೆ ತೋರಿಸುತ್ತದೆ. 2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಡಿ ಡ್ರೋನ್ ಮೂಲಕ ಊರೊಳಗಿನ ಮನೆ, ಜಾಗಗಳ ನಕಾಶೆ ತಯಾರಿಸಲಾಗುತ್ತದೆ. ಬೆಂಗಳೂರು, ಪುಣೆ, ಸೊಲ್ಲಾಪುರಗಳಲ್ಲಿರುವವರೂ ಊರಿನ ಹೊಲವನ್ನು ಹೀಗೆ ನೋಡಬಹುದಾಗಿದೆ. ಆದರೆ ಮೊಬೈಲ್ ತೋರಿಸುವ ಸ್ಥಾನದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಸಹಜ. ಹಳೆಯ ಗ್ರಾಮ ನಕಾಶೆಯ ಗೆರೆಯ ದಪ್ಪವೂ ಅದರೊಂದಿಗೆ ಸೇರುತ್ತದೆ. ಆದ್ದರಿಂದ ಪರದೆಯ ಗೆರೆಯನ್ನು ನಂಬಿ ಬದು ಕಡಿಯುವುದು ತಪ್ಪು. ಬದುವಿನ ತಕರಾರಿಗೆ ಟಿಪ್ಪಣದ ಅಳತೆ ಮತ್ತು ಭೂಮಾಪಕರ ಹದ್ದುಬಸ್ತೇ ದಾರಿ.

ಗಮನಿಸಬೇಕಾದ ಸಂಗತಿಗಳು

ಊರಿನಲ್ಲಿ ಹೊಲವುಳ್ಳವರು, ವಿಶೇಷವಾಗಿ ನಗರದಲ್ಲಿ ನೆಲೆಸಿದವರು, ಕೆಲವು ಸಂಗತಿಗಳನ್ನು ಪರಿಶೀಲಿಸಿಕೊಳ್ಳುವುದು ಒಳ್ಳೆಯದು. ಪಹಣಿಯ 3ನೆಯ ಕಾಲಮಿನ ವಿಸ್ತೀರ್ಣವು ಆಕಾರಬಂದದ ವಿಸ್ತೀರ್ಣಕ್ಕೆ ಹೊಂದಬೇಕು. 9ನೆಯ ಕಾಲಮಿನಲ್ಲಿ ತೀರಿಕೊಂಡ ಹಿರಿಯರ ಹೆಸರೇ ಇದ್ದರೆ ವಾರಸಾ ಮಾಡಿಸಬೇಕು. 11ರಲ್ಲಿ ತೀರಿದ ಸಾಲ ಇನ್ನೂ ಉಳಿದಿದ್ದರೆ ತೆಗೆಸಬೇಕು. ಖರಾಬಿನಲ್ಲಿ ಎರಡು ಬಗೆ: ‘ಅ’ ಖರಾಬು ಸಾಗುವಳಿಗೆ ಬಾರದ, ಹಿಡುವಳಿದಾರನ ಹೊಲದೊಳಗಿನ ನೆಲ; ‘ಬ’ ಖರಾಬು ದಾರಿ, ಹಳ್ಳ ಮುಂತಾದ ಸಾರ್ವಜನಿಕ ಬಳಕೆಯದು. ಎರಡನೆಯದನ್ನು ಕೊಳ್ಳುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಖರೀದಿ ಪತ್ರದ ಚಕ್ಕುಬಂದಿಯನ್ನು ಹೊಲದಲ್ಲಿ ನಿಂತೇ ಓದಬೇಕು.

ಇವುಗಳಲ್ಲಿ ಕಾಗದದ ಭಾಗವನ್ನು ಶಾಲೆ ಕಲಿತ ಮಕ್ಕಳು ಓದಬಲ್ಲರು. ಹೊಲದ ಭಾಗವನ್ನು ಓದಬಲ್ಲವರು ಅಲ್ಲಿ ದುಡಿದ ಹಿರಿಯರು: ಯಾವ ಬಾಂದು ಕಲ್ಲು ಯಾವ ವರ್ಷ ಕಿತ್ತುಹೋಯಿತು, ಹಳ್ಳ ಯಾವ ಕಡೆಗೆ ಹೊರಳಿತು, ಬಂಡಿದಾರಿ ಮೊದಲು ಎಲ್ಲಿತ್ತು ಎಂಬುದು ಯಾವ ಆ್ಯಪ್‌ನಲ್ಲಿಯೂ ದೊರೆಯದು. ಹೆಬ್ಬೆಟ್ಟು ಒತ್ತುವ ಅಜ್ಜಿಯನ್ನು ಕಚೇರಿಗೆ ಕರೆದೊಯ್ಯುವ ಮೊದಲು ಹೊಲಕ್ಕೆ ಕರೆದೊಯ್ದು, ಕಾಗದವನ್ನು ಅವಳ ಮುಂದೆ ಗಟ್ಟಿಯಾಗಿ ಓದಿ, ಪ್ರತಿ ನಂಬರಿಗೆ ಅವಳು ಬಲ್ಲ ಹೊಲದ ಹೆಸರನ್ನು ಬರೆದುಕೊಂಡರೆ ಮುಂದಿನ ಹಲವು ವ್ಯಾಜ್ಯಗಳು ತಪ್ಪುತ್ತವೆ.